ಅಣ್ಣನ ಚಿಲ್ಲರೆ ಫೈಲು

ಅಣ್ಣ, ಅತ್ತಿಗೆ, ನಾದಿನಿ ಮೂವರೇ ಸೇರಿ ನಡೆಸುತ್ತಿದ್ದ ಕಂಪನಿ ಅದು. ಮನುಷ್ಯರು ಬರೆದ ಪ್ರೋಗ್ರಾಮನ್ನು ವಾಷಿಂಗ್ ಮಷೀನಿನ ಚಿಪ್ಪಿಗೆ ತಿಳಿಯುವ ಭಾಷೆಗೆ ಇಳಿಸುವ ಕಂಪೈಲರನ್ನು ಮನೆಯ ಮಹಡಿ ಕೋಣೆಯಲ್ಲಿ ಕೂತು ಮಾಡುತ್ತಿದ್ದರು. ಅದರ ಯಾವ ಭಾಗದಲ್ಲಿ ಏನಿದೆ ಎಂದು ಉಳಿದ ಭಾಗಗಳಿಗೆ ತಿಳಿಸುವ ಫೈಲುಗಳಿಗೆ ಹೆಡರ್ ಅನ್ನುತ್ತಾರೆ. ಅಣ್ಣನ ಕೃಪೆಯಿಂದ ಅವೆಲ್ಲ ದಿಕ್ಕಾಪಾಲಾಗಿ ಬಿದ್ದಿದ್ದವು.

ನಾದಿನಿ ಪಟ್ಟು ಹಿಡಿದು ಒಂದೊಂದನ್ನೂ ತಕ್ಕ ಫೋಲ್ಡರಿಗೆ ಸೇರಿಸಿ, ಇದು ಯಾಕಿದೆ, ಯಾರಿಗೆ ಬೇಕು ಎಂದು ಅದರ ತಲೆಯ ಮೇಲೇ ಬರೆದಳು. ಕೊನೆಗೆ ಉಳಿದದ್ದು 'ಚಿಲ್ಲರೆ' ಎಂಬ ಹೆಡರ್. ಎಲ್ಲೂ ಸಲ್ಲದ್ದನ್ನೆಲ್ಲ ಅಣ್ಣ ಅದರೊಳಗೆ ತುರುಕಿದ್ದ. ಆಡು ಮುಟ್ಟದ ಸೊಪ್ಪಿಲ್ಲ, ಚಿಲ್ಲರೆ ಹೊಗದ ಫೈಲಿಲ್ಲ!

"ಇದು ಯಾರಿಗಣ್ಣ ಬೇಕು?"

"ಎಲ್ರಿಗೂ ಬೇಕು ಕಣೇ. ಮುಟ್ಟಬೇಡ."

ಪಾಪ, ಅವನಿಗೂ ಗೊತ್ತಿರಲಿಲ್ಲ.

ಅತ್ತಿಗೆ ತೀರ್ಪು ಕೊಟ್ಟಳು: "ನೋಡಮ್ಮ, ಸಂಜೆ ಗಿರಾಕಿಗೆ ಹೊಸ ಕಂಪೈಲರ್ ಕಳಿಸ್ಬೇಕು. ಅಷ್ಟರಲ್ಲಿ ನಿಂದು ಬಿಲ್ಡ್ ಆದ್ರೆ ಸರಿ. ಇಲ್ಲಾಂದ್ರೆ ನಿನ್ನ ಜೋಡಣೆ ಎಲ್ಲಾ ಕಸದಬುಟ್ಟಿಗೆ."

ನಾದಿನಿ ಉಸಿರು ಬಿಗಿಹಿಡಿದು ಚಿಲ್ಲರೆಯನ್ನು ಅಳಿಸಿಯೇಬಿಟ್ಟಳು. ಫೈಲುಗಳನ್ನೆಲ್ಲ ಸೇರಿಸಿ ಹೊಸ ಕಂಪೈಲರ್ ಕಟ್ಟಲು ಬಿಲ್ಡ್ ಕೊಟ್ಟಳು. ಒಂದೇ ಒಂದು ತಪ್ಪು ಬರಲಿಲ್ಲ! ಅನುಮಾನ ಬರಬೇಕಿತ್ತು, ಆದರೆ ಅಷ್ಟು ಸಂತೋಷದಲ್ಲಿ ಅನುಮಾನಕ್ಕೆ ಜಾಗವೆಲ್ಲಿ? ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣನ ತಿರುಗುವ ಕುರ್ಚಿಯನ್ನು ಅಣ್ಣನ ಸಮೇತ ಗಿರಗಿರನೆ ತಿರುಗಿಸಿದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ಬೇಡ" ಎಂದಳು ಅತ್ತಿಗೆ. "ಕಂಪೈಲರೂ ಒಂದು ಪ್ರೋಗ್ರಾಮೇ ತಾನೇ, ಇದನ್ನ ಕಟ್ಟಿದ್ದು ನಮ್ಮದೇ ಹಳೇ ಕಂಪೈಲರ್ ಅಲ್ವಾ? ಅದರ ಫೋಲ್ಡರಲ್ಲೂ ಒಂದು ಚಿಲ್ಲರೆ ಇದೆ. ಇಲ್ಲಿ ಸಿಗದೇ ಇದ್ದಿದ್ದಕ್ಕೆ ಅಲ್ಲಿಂದ ತಗೊಂಡಿದೆ. ಇಲ್ಲೇ ಒಂದು ಖಾಲಿ ಚಿಲ್ಲರೆ ಇಟ್ಟು ನೋಡು, ಮೊದಲು ಇದೇ ಸಿಗೋದ್ರಿಂದ ಅಲ್ಲಿಗೆ ಹೋಗಲ್ಲ."

ಇಟ್ಟಳು. ಪರದೆಯ ತುಂಬ ಕೆಂಪು ಸಾಲುಗಳು ಸುರಿದವು. ಅವಳಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಓದಿದಳು: ಈ ಫೈಲಿಗೆ ಇಂಥದ್ದು ಸಿಗುತ್ತಿಲ್ಲ, ಆ ಫೈಲಿಗೆ ಅಂಥದ್ದು ಸಿಗುತ್ತಿಲ್ಲ. ಓದುತ್ತ ಓದುತ್ತ ಅವಳಿಗೆ ನಗು ತಡೆಯಲಾಗಲಿಲ್ಲ.

"ಅತ್ತಿಗೆ, ಅಣ್ಣನ ಬಾಯಿ ಬಿಡಿಸೋಕಾಗದ್ದನ್ನ ಕಂಪೈಲರೇ ಬಾಯಿಬಿಡ್ತಿದೆ! ಯಾರಿಗೆ ಏನು ಬೇಕು ಅಂತ ಹೆಸರು ಹಿಡಿದು ಹೇಳ್ತಿದೆ!"

ಆಮೇಲೆ ಮೂವರೂ ಕೂತರು. ಅತ್ತಿಗೆ ಸಾಲು ಓದುವುದು, ಅಣ್ಣ ಬೇಕಾದ ತುಣುಕನ್ನು ಹಳೆಯ ಕಂಪೈಲರಿನ ಫೋಲ್ಡರಲ್ಲಿದ್ದ ಚಿಲ್ಲರೆಯಿಂದ ಹುಡುಕಿ ಕೊಡುವುದು, ನಾದಿನಿ ಅದನ್ನು ಸರಿಯಾದ ಮನೆಗೆ ಸೇರಿಸಿ ಯಾರಿಗೆ ಬೇಕೆಂದು ಬರೆಯುವುದು. ಕೆಂಪು ಸಾಲು ಕರಗುತ್ತ ಕರಗುತ್ತ ಸಂಜೆಯ ಹೊತ್ತಿಗೆ ಪೂರ್ತಿ ಮಾಯವಾಯಿತು. ಅಣ್ಣನ ಚಿಲ್ಲರೆಯಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಅದನ್ನು ಯಾವ ಫೈಲೂ ಕೇಳಿರಲಿಲ್ಲ.

"ಇದು ಯಾರಿಗೂ ಬೇಡ್ವಾ?" ಎಂದ ಅಣ್ಣ, ಪೆಚ್ಚಾಗಿ.

ಅತ್ತಿಗೆ ಹೊಸ ಕಂಪೈಲರನ್ನು ಗಿರಾಕಿಗೆ ಕಳಿಸಿ ಕುರ್ಚಿಗೆ ಒರಗಿದಳು. "ಇನ್ಮೇಲೆ ಯಾರೇ ಹೊಸ ಹೆಡರ್ ಮಾಡಿದ್ರೂ ಇವಳನ್ನ ಕೇಳಿ ಮಾಡ್ಬೇಕು."

"ನಾನೂನಾ?"

"ನೀವೇ ಮೊದಲು, ರೀ."