ಗೋಡೆಯ ಮೇಲಿನ ಕಲೆ

"ಬಿಚ್ಚೋ ಅಂಗಿ, ಬೋಳಿಮಗನೆ! ಹೆಣ್ಣು ನೋಡೋಕೆ ಬಂದಿದ್ದೀಯೇನೋ?"

ಮೇಸ್ತ್ರಿ ಹೀಗೆ ಗದರಿದಾಗ ಗಟಾರದವನು ತಲೆ ಬಾಚಿಕೊಂಡು, ಭಾಮೈದನಿಂದ ಕೇಳಿ ತಂದ ಬಿಳಿ ಅಂಗಿಗೆ ಕತ್ತಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡು, ನೆಟ್ಟ ಕಂಬದಂತೆ ನಿಂತಿದ್ದ. ಫೋಟೊ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಸುದ್ದಿ ಬಂದಿತ್ತು. ಫೋಟೊ ಎಂದರೆ ಮೈ ತೊಳೆದುಕೊಂಡು ನಿಲ್ಲುವುದು ಎಂದೇ ಅವನ ತಿಳಿವಳಿಕೆ. ಮನೆಯಲ್ಲಿದ್ದ ಒಂದೇ ಒಂದು ಫೋಟೊದಲ್ಲಿ ಎಲ್ಲರೂ ಹಾಗೇ ನಿಂತಿದ್ದರು.

ಕ್ಯಾಮೆರಾದವರು ಮಾತ್ರ ಬಹಳ ಮರ್ಯಾದಸ್ಥರು. ಗಟಾರದವನನ್ನೂ ಬಹುವಚನದಲ್ಲೇ ಮಾತಾಡಿಸಿದರು. "ನೋಡಿ, ನನಗೆ ಬೇಕಾಗಿರೋದು ನಿಮ್ಮ ದಿನನಿತ್ಯದ ಬದುಕು. ಸಹಜವಾಗಿರಿ, ಅಷ್ಟು ಸಾಕು."

ಅವನು ಮೇಸ್ತ್ರಿಯ ಮುಖ ನೋಡಿದ.

"ಸಹಜ ಅಂದ್ರೆ ಗಲೀಜಾಗಿರು ಅಂತ ಕಣೋ. ಇಳಿ."

ಅಂಗಿ ಮಡಿಸಿಟ್ಟು ಗಟಾರಕ್ಕೆ ಇಳಿದ. ಕಪ್ಪು ನೀರು ಎದೆಮಟ್ಟ ಬಂತು. ಕಟ್ಟಿಕೊಂಡಿದ್ದನ್ನು ಬಿಡಿಸಲು ಮುಳುಗಿ, ಎದ್ದು, ಬಾಯಿಗೆ ಬಂದದ್ದನ್ನು ಉಗುಳುವಾಗ ಕ್ಯಾಮೆರಾ ಕ್ಲಿಕ್ಕೆಂದಿತು.

"ಅದ್ಭುತ! ಇನ್ನೊಂದ್ಸಲ ಮುಳುಗ್ತೀರಾ? ಬೆಳಕು ಸ್ವಲ್ಪ ತಪ್ಪಿಹೋಯ್ತು."

ಬೆಳಕಿಗೋಸ್ಕರ ಅವನು ಮತ್ತೆ ಮುಳುಗಿದ.

ಕೆಲವು ತಿಂಗಳ ಮೇಲೆ ಅಂಗಡಿ ಬೀದಿಯ ಉದ್ದನೆಯ ಗೋಡೆಗೆ ಊರಿನ ದಿನಚರಿಯ ಫೋಟೊಗಳನ್ನು ಮೇಲೊಂದು ಕೆಳಗೊಂದು ಸಾಲಾಗಿ ಅಂಟಿಸಿದರು. ಬಾಗಿಲಷ್ಟು ದೊಡ್ಡದಾಗಿ ಅವನ ಮುಖ. ಗಲ್ಲದ ಮೇಲೆ ಇಳಿಯುತ್ತಿರುವುದು ಏನೆಂದು ಮಕ್ಕಳೂ ಹೇಳಬಹುದಿತ್ತು. ಆ ಗೋಡೆಗೆ ಎದುರಾಗಿಯೇ ಅವನ ಮಗಳು ಕೆಲಸಕ್ಕಿದ್ದ ಬಟ್ಟೆ ಅಂಗಡಿ. ಅಪ್ಪನ ಕೆಲಸ ಕೇಳಿದವರಿಗೆ ಅವಳು "ನೀರಿನ ಇಲಾಖೆ" ಎಂದಿದ್ದಳು. ಪೂರ್ತಿ ಸುಳ್ಳೇನಲ್ಲ.

ಅಂದು ಮನೆಯಲ್ಲಿ ಮಗಳು ತಟ್ಟೆಗೆ ಕೈ ಹಾಕಲಿಲ್ಲ.

"ಯಾಕಮ್ಮಾ, ಉಣ್ಣಲ್ವಾ?"

"ಅಂಗಡಿ ಹುಡುಗೀರು ನಿನ್ನ ಫೋಟೊ ನೋಡಿ ಮೂಗು ಮುಚ್ಕೊಂಡ್ರಪ್ಪ. ವಾಸನೆ ರಸ್ತೆ ದಾಟಿ ಬರ್ತಿದೆ ಅಂತ ನಕ್ರು."

"ನಗಲಿ ಬಿಡು. ನಾನೇನು ಕಳ್ಳತನ ಮಾಡಿದೀನಾ?"

"ನಾನೂ ಮುಚ್ಕೊಂಡೆ. ನಾನೂ ನಕ್ಕೆ."

ಹೆಂಡತಿ ಒಲೆಯ ಕಡೆ ತಿರುಗಿಕೊಂಡಳು. ಅವನಿಗೆ ನೀರು ಬೇಕಿತ್ತು. ನೀರಿನ ಲೋಟ ಮಗಳ ಪಕ್ಕದಲ್ಲಿತ್ತು. ಕೈ ಚಾಚಲು ನಾಚಿಕೆಯಾಗಿ ಹಾಗೇ ಎದ್ದ.

ಮರುದಿನ ಗೋಡೆಯ ಮುಂದೆ ಉದ್ಘಾಟನೆ. ದೊಡ್ಡವರು ಬರುತ್ತಾರೆಂದು ಆ ಬೀದಿಯ ಚರಂಡಿಯನ್ನು ಬೆಳಿಗ್ಗೆ ಅವನ ಕೈಯಲ್ಲೇ ಬಳಿಸಿದ್ದರು. ಕೆಲಸ ಮುಗಿಸಿ ನೇರ ಕ್ಯಾಮೆರಾದವರ ಮುಂದೆ ಹೋಗಿ ನಿಂತ.

"ಇವರೇ ನೋಡಿ!" ಎಂದರು ಅವರು, ಸಂತೋಷವಾಗಿ. ಅತಿಥಿಗಳು ಎರಡು ಹೆಜ್ಜೆ ಹಿಂದೆ ಸರಿದು ಚಪ್ಪಾಳೆ ತಟ್ಟಿದರು.

"ಸ್ವಾಮಿ, ಅದನ್ನ ತೆಗೆದುಬಿಡಿ. ಎದುರಿಗೇ ನನ್ನ ಮಗಳು ಕೆಲಸ ಮಾಡ್ತಾಳೆ."

"ಛೆ ಛೆ, ದುಡಿಮೆಗೆ ನಾಚ್ಕೋಬಾರದು."

"ದುಡಿಮೆಗಲ್ಲ ಸ್ವಾಮಿ. ಉಗುಳೋದನ್ನ ಹಾಕಿದೀರಲ್ಲ."

"ನಿಮಗೆ ಅರ್ಥ ಆಗಲ್ಲ. ಅದು ಕಲೆ."

"ಕಲೆ ಅಂತ ನಂಗೂ ಗೊತ್ತು. ಅದಕ್ಕೇ ಹೋಗಿಸಿ ಅಂತಿರೋದು."

ಯಾರೋ ನಕ್ಕರು. ಒಳ್ಳೆಯ ಮಾತು, ಬರೆದುಕೊಳ್ಳಿ ಎಂದು ಇನ್ಯಾರೋ ಅಂದರು. ಕ್ಯಾಮೆರಾದವರು ಅಷ್ಟರಲ್ಲಿ ಬೇರೆಯವರಿಗೆ ಕೈ ಮುಗಿಯುತ್ತಿದ್ದರು.

ಬೆಳಿಗ್ಗೆ ತೆಗೆದ ರಾಡಿ ಬಕೆಟ್ಟಿನಲ್ಲಿ ಮೂಲೆಯಲ್ಲೇ ಇತ್ತು. ಎತ್ತಿ ತಂದ. ಎರಡೂ ಕೈಯಲ್ಲಿ ಬಾಚಿ ಮೊದಲು ಫೋಟೊದ ಬಾಯಿಗೆ ಬಳಿದ, ಆಮೇಲೆ ಕಣ್ಣಿಗೆ. ಗೋಡೆಗೆ ಸುಣ್ಣ ಹೊಡೆಯುವವನ ಹಾಗೆ, ಎಲ್ಲೂ ಬಿಳಿ ಉಳಿಯದಂತೆ.

"ಏಯ್ ಮುಂಡೇಮಗನೆ! ತಲೆ ಕೆಟ್ಟಿದೆಯೇನೋ?" ಮೇಸ್ತ್ರಿ ಕಿರುಚಿದ. ಆದರೆ ಹತ್ತಿರ ಬರಲಿಲ್ಲ. ಒಗೆದ ಅಂಗಿ ಹಾಕಿದ್ದ. ಅತಿಥಿಗಳೆಲ್ಲ ಮೂಗು ಮುಚ್ಚಿಕೊಂಡಿದ್ದರು. ಎದುರಿನ ಅಂಗಡಿಯ ಬಾಗಿಲಿಗೆ ಹುಡುಗಿಯರು ಬಂದದ್ದು ಗಟಾರದವನಿಗೆ ಕೇಳಿಸಿತು. ಆ ಕಡೆ ತಿರುಗುವ ಧೈರ್ಯವಾಗಲಿಲ್ಲ.

ಬಕೆಟ್ಟು ಯಾರೋ ಎಳೆದಂತಾಯಿತು. ಫುಟ್‌ಪಾತಿನಲ್ಲಿ ಸಂಸಾರ ಮಾಡಿಕೊಂಡಿದ್ದ ಹೆಂಗಸು. ತಲೆ ತಗ್ಗಿಸಿಯೇ ಹೇಳಿದಳು:

"ಅಣ್ಣಾ, ನಾನು ಸ್ನಾನ ಮಾಡೋದನ್ನ ಮೇಲಿನ ಸಾಲಲ್ಲಿ ಹಾಕಿದಾರೆ. ನಂಗೆ ಕೈ ನಿಲುಕಲ್ಲ."