ಎರಡು ಕೂದಲಿನಷ್ಟು ಬಾಗು

೧೯೮೩ರ ಮಾರ್ಚ್ ಹನ್ನೊಂದು, ಶುಕ್ರವಾರ, ಬೆಳಿಗ್ಗೆ ಏಳು ಇಪ್ಪತ್ತು, ನದಿಯ ತಿರುವಿನಲ್ಲಿ ಮೊದಲು ಎಳೆದೋಣಿ ಟಗ್ಗಿನ ಕೆಂಪು ಕಾಣಿಸಿತು, ಆಮೇಲೆ ಹಗ್ಗ, ಹಗ್ಗದ ತುದಿಗೆ ಅವಳು, ನಮ್ಮ ಹಳೆಯ ಹಡಗು — ಚಿಮಣಿಯಲ್ಲಿ ಹೊಗೆಯಿಲ್ಲ, ಡೆಕ್ಕಿನ ಮೇಲೆ ಒಂದು ಕಂಟೇನರೂ ಇಲ್ಲ, ಭಾರವಿಲ್ಲದ್ದರಿಂದ ನೀರಿನಿಂದ ಮೇಲೆದ್ದು ಹೊಟ್ಟೆಯ ತುಕ್ಕು ಇಡೀ ಮಾಸ್‌ಸ್ಲೌಸ್ ಊರಿಗೆ ಕಾಣುವ ಹಾಗೆ, ಹೆಸರಿನ ಅಕ್ಷರಗಳಲ್ಲಿ ಕೋರ್ನೆಲಿಯಾ ಎಂಬುದರ ಅರ್ಧ ಮಾತ್ರ ಉಳಿದಿದೆ, ದೀಪದ ಕಂಬದಿಂದ ತೇಲುಬುರುಡೆಯ ತನಕ ಸೆಕೆಂಡು ಎಣಿಸುತ್ತೇನೆ, ಅಭ್ಯಾಸಬಲ, ನಾಲ್ಕು ನಾಟ್ ವೇಗ, ಹೆಚ್ಚೆಂದರೆ ನಾಲ್ಕೂವರೆ, ಕಟ್ಟೆಯ ಮೇಲೆ ಎದುರುಗಾಳಿಗೆ ಸೈಕಲ್ ತುಳಿಯುವ ಮುದುಕಿ ಅವಳನ್ನು ಹಿಂದೆ ಹಾಕಿ ಹೋದಳು. ಪಕ್ಕದಲ್ಲಿ ಹಾರ್ಮ್, ಗ್ರೋನಿಂಗನ್ ಸೀಮೆಯವನು, ಆಗ ನಮ್ಮ ಮೂರನೇ ಇಂಜಿನಿಯರ್, ಈಗ ತನ್ನ ಊರ ತಗ್ಗುನೆಲದ ನೀರು ಎತ್ತುವ ಪಂಪುಮನೆಯಲ್ಲಿ ಕೆಲಸ, ಇದಕ್ಕೆಂದೇ ನಿನ್ನೆಯ ಕೊನೆಯ ರೈಲಿಗೆ ಬಂದಿದ್ದಾನೆ, ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿ ಮೊದಲು ನನಗೇ ಕೊಡುತ್ತಾನೆ, ತಗೊಳ್ಳಿ ಸೆಕೆಂಡ್ ಸಾರ್, ಹಡಗಿನ ಕಾಫಿಗಿಂತ ಕೆಟ್ಟದಾಗಿ ಮಾಡೋಕೆ ನಮ್ಮನೆಯವಳು ಇನ್ನೂ ಕಲಿತಿಲ್ಲ — ನಾನು ಚೀಫ್ ಇಂಜಿನಿಯರ್ ಆಗಿ ಒಂಬತ್ತು ವರ್ಷವಾಯಿತು, ಆದರೂ ಅವನ ಬಾಯಲ್ಲಿ ನಾನು ಸೆಕೆಂಡೇ, ನಾನು ಸೆಕೆಂಡ್ ಆಗಿದ್ದಾಗಲೇ ಅವನ ಸಮುದ್ರ ಮುಗಿದದ್ದಲ್ಲವೆ. ಎಪ್ಪತ್ತೊಂದರಲ್ಲಿ ಅವಳು ಹೊಸದಾಗಿ ಬಂದಾಗ ಇದೇ ಕಟ್ಟೆಯ ಮೇಲೆ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು, ಮೂವತ್ತು ನಾಟ್, ಇಲ್ಲಿಂದ ನ್ಯೂಜೆರ್ಸಿಗೆ ನಾಲ್ಕು ದಿನ ಹದಿನಾರು ಗಂಟೆ, ಅಟ್ಲಾಂಟಿಕ್ಕಿನ ನಡುವೆ ಹಳೆಯ ಸರಕು ಹಡಗುಗಳು ಸಿಕ್ಕರೆ ಅವು ಲಂಗರು ಹಾಕಿ ನಿಂತಿವೆ ಅನಿಸುತ್ತಿತ್ತು, ದಿನಕ್ಕೆ ನಾನೂರೈವತ್ತು ಟನ್ ಎಣ್ಣೆ ಕುಡಿಯುತ್ತಿದ್ದಳು, ಯಾರೂ ಕೇಳುತ್ತಿರಲಿಲ್ಲ, ಟರ್ಬೈನಿನ ಮೇಲೆ ನಾಣ್ಯ ನಿಲ್ಲಿಸಿದರೆ ಬೀಳುತ್ತಿರಲಿಲ್ಲ — ಬೀಳುತ್ತಿರಲಿಲ್ಲ, ನಾನೇ ನಿಲ್ಲಿಸಿ ನೋಡಿದ್ದೆ — ಮತ್ತೆ ಆ ಮುಳ್ಳು, ಡಯಲ್ ಗೇಜಿನ ಆ ತೆಳು ಕಪ್ಪು ಮುಳ್ಳು ಸೊನ್ನೆ ಬಿಟ್ಟು ಹೊರಡುತ್ತದೆ, ಬೇಡ, ಕಾಫಿ ಕುಡಿ.

ಹಳೆಯ ಹಡಗುಗಳಲ್ಲಿ ಬಂದರಿನಲ್ಲಿ ನಿಲ್ಲುವುದೆಂದರೆ ನಾಲ್ಕು ದಿನ, ಐದು ದಿನ, ಇಂಜಿನ್ ತಣ್ಣಗಾಗಿ ನಾವೂ ತಣ್ಣಗಾಗಿ ಊರು ಸುತ್ತಿ ಬರುವಷ್ಟು ಹೊತ್ತು, ಇವಳಿಗೆ ಹದಿನೆಂಟು ಗಂಟೆ, ಮಧ್ಯಾಹ್ನ ಮೂರಕ್ಕೆ ಕಟ್ಟಿದರೆ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಿಚ್ಚಬೇಕು, ಅಷ್ಟು ಹೊತ್ತೂ ಟರ್ಬೈನಿನೊಳಗಿನ ಬಿಸಿ ರೋಟರನ್ನು ಚಿಕ್ಕ ಮೋಟಾರೊಂದು ನಿಧಾನ ತಿರುಗಿಸುತ್ತಲೇ ಇರಬೇಕು, ನಿಂತರೆ ಮೇಲ್ಮೈ ಬಿಸಿ ಕೆಳಮೈ ತಣ್ಣಗೆ, ಉಕ್ಕು ಬಾಗುತ್ತದೆ, ಮೊದಲ ವರ್ಷದ ಹುಡುಗರಿಗೂ ಗೊತ್ತಿರುವ ಪಾಠ, ಅರ್ಧ ಗಂಟೆಗೊಮ್ಮೆ ನೋಡಿ ಪುಸ್ತಕದಲ್ಲಿ ಗೀಟು ಹಾಕಬೇಕು, ಆದರೆ ಆ ಹಡಗಿನಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ, ಪಾಳಿಯ ಶುರುವಿನಲ್ಲೇ ಎಂಟು ಗೀಟನ್ನೂ ಎಳೆದುಬಿಡುತ್ತಿದ್ದೆವು, ಎಲ್ಲರೂ, ಚೀಫ್ ಕೂಡ ಕಂಡೂ ಕಾಣದ ಹಾಗೆ. ಎಪ್ಪತ್ತೆರಡರ ಅಕ್ಟೋಬರ್, ನ್ಯೂಜೆರ್ಸಿ, ಬೆಳಗಿನ ನಾಲ್ಕರಿಂದ ಎಂಟು ನನ್ನ ಪಾಳಿ, ಎಂಟು ಗೀಟು ಎಳೆದಾಗಿದೆ, ಐದೂವರೆಗೆ ಆ ಮೋಟಾರಿನಿಂದ ಸುಟ್ಟ ವಾಸನೆ, ಕೈಯಿಟ್ಟರೆ ಚುರುಕ್ ಎನ್ನುತ್ತದೆ, ಹತ್ತು ನಿಮಿಷ ಆರಲಿ ಎಂದು ನಿಲ್ಲಿಸಿದೆ, ಅದು ತಪ್ಪಲ್ಲ, ಯಾವ ಪರೀಕ್ಷಕನ ಮುಂದೆಯೂ ಹೇಳಬಲ್ಲೆ, ಆ ಹತ್ತು ನಿಮಿಷದಲ್ಲಿ ಕಟ್ಟೆಯ ಟೆಲಿಫೋನಿಗೆ ಹೋಗಿ ಬರೋಣ ಎಂದುಕೊಂಡದ್ದು ತಪ್ಪು, ನನ್ನ ಮುಂದೆ ಇಬ್ಬರೇ, ಇಬ್ಬರೂ ಸ್ಪೇನಿನವರು, ಇಬ್ಬರೂ ತಾಯಿಯ ಜೊತೆ ಮಾತಾಡುತ್ತಿದ್ದರೇನೋ, ಮುಗಿಯುವುದೇ ಇಲ್ಲ, ಈಗ ಬಿಟ್ಟರೆ ಮುಂದಿನ ಫೋನು ಹದಿನೈದು ದಿನಕ್ಕೆ, ಕೊನೆಗೆ ಹೆಂಡತಿ ಆಲ್ಚೆಯ ದನಿ, ಮನೆಯಲ್ಲಿ ಆಗ ಹತ್ತೂವರೆ ದಾಟಿತ್ತು, ರೀ, ಬಚ್ಚಲಿಗೆ ಹಸಿರು ಟೈಲ್ಸ್ ಹಾಕಿಸ್ಲೋ ಬಿಳಿದೋ, ಟೈಲ್ಸಿನವನು ಇಲ್ಲೇ ನಿಂತಿದಾನೆ, ಹಸಿರು ಅಂದೆ, ನಿಮಗೆ ಬಿಳಿ ಇಷ್ಟ ಅಲ್ವಾ ಅಂದಳು, ಹಸಿರು ಕಣೇ, ಯಾವುದೋ ಒಂದು — ಇಳಿದು ಬಂದು ಮೋಟಾರು ಹಾಕಿದಾಗ ಗಡಿಯಾರದಲ್ಲಿ ಆರು ಹತ್ತು. ನಲವತ್ತು ನಿಮಿಷ. ಪುಸ್ತಕದಲ್ಲಿ ಗೀಟುಗಳು ನೆಟ್ಟಗೆ ನಿಂತಿದ್ದವು. ಎಂಟಕ್ಕೆ ಹಾರ್ಮ್ ಬಂದ, ತಲೆ ಒದ್ದೆ, ಬಾಯಲ್ಲಿ ಬ್ರೆಡ್ಡು, ಎಲ್ಲಾ ಸರಿ ಇದೆಯಾ ಸೆಕೆಂಡ್ ಸಾರ್, ಸರಿ ಇದೆ ಅಂದೆ, ಎರಡೇ ಪದ, ಹೇಳಿದ್ದರೆ ಬಾಗು ನೇರವಾಗುವ ತನಕ ತಿರುಗಿಸಲು ಬರೀ ಆರು ಗಂಟೆ ತಡ, ಒಂದು ಬೈಗುಳ, ಮುಗಿಯುತ್ತಿತ್ತು, ಆದರೆ ದಾರಿ ತೋರುವ ಬಂದರಿನ ಪೈಲಟ್ ಹತ್ತಿಯಾಗಿತ್ತು, ಚೀಫ್ ಮೇಲಿನಿಂದ ಏನ್ರೋ ಅಲ್ಲಿ ಮೊಟ್ಟೆಗೆ ಕಾವು ಕೊಡ್ತಿದೀರಾ ಅಂತ ಫೋನಿನಲ್ಲಿ ಕೂಗುತ್ತಿದ್ದರು, ಹಾರ್ಮ್ ಟರ್ಬೈನಿಗೆ ಹಬೆ ಬಿಟ್ಟ, ಹನ್ನೊಂದಕ್ಕೆ ತೆರೆದ ಸಮುದ್ರದಲ್ಲಿ ವೇಗ ಏರಿಸಿದಾಗ ನನ್ನ ಲೋಟದೊಳಗೆ ಚಮಚ ತಾನಾಗಿಯೇ ಕುಣಿಯತೊಡಗಿತು.

ಇಲ್ಲಿ ರೋಟರ್‌ಡ್ಯಾಮಿಗೆ ತಂದು ಕವಚ ಬಿಚ್ಚಿದೆವು, ರೋಟರನ್ನು ಎರಡು ಆಧಾರದ ಮೇಲೆ ಇಟ್ಟು ಹಾರ್ಮ್ ಕೈಯಿಂದ ತಿರುಗಿಸಿದ, ನಾನು ಮೊಣಕಾಲೂರಿ ಬಾಗು ತೋರಿಸುವ ಗೇಜು ಓದಿದೆ, ವಿಚಾರಣೆಗೆ ಬಂದವರು ಪುಸ್ತಕ ನೋಡಿದರು, ಗೀಟುಗಳೆಲ್ಲ ಇವೆ, ಹಾಗಾದರೆ ಹಬೆ ಬಿಟ್ಟು ಬಿಸಿ ಮಾಡುವಾಗಲೇ ಅವಸರವಾಗಿರಬೇಕು, ಹಾರ್ಮ್, ಎಷ್ಟು ನಿಮಿಷ ಕಾದೆಯಪ್ಪಾ, ಅವನು ಟೋಪಿ ತಿರುವುತ್ತ, ಸರಿಯಾಗಿ ಎಣಿಸಲಿಲ್ಲ ಸಾರ್, ಬೇಗ ಆಗಿರಬಹುದು, ನಂದೇ ಇರಬಹುದು — ಎಣಿಸಿದ್ದ, ನಾನು ನೋಡಿದ್ದೆ, ಆದರೆ ಪ್ರಾಮಾಣಿಕನಿಗೆ ತನ್ನ ಮೇಲೆಯೇ ಮೊದಲು ಅನುಮಾನ, ನಾನು ಗೊತ್ತಿದ್ದೂ ಪುಸ್ತಕ ಮುಚ್ಚಿಟ್ಟೆ, ಅವನ ಸಮುದ್ರ ಅಲ್ಲಿಗೆ ಮುಗಿಯಿತು. ಅಷ್ಟು ದೊಡ್ಡ ಬಿಡಿ ರೋಟರ್ ಯಾರ ಬಳಿಯೂ ಇರಲಿಲ್ಲ, ಕೆರೆದು ತೂಕ ಸರಿದೂಗಿಸಿ ಇಪ್ಪತ್ತಾರು ನಾಟ್ ದಾಟಬಾರದು ಎಂದು ಹಿತ್ತಾಳೆ ಫಲಕ ಹೊಡೆದರು, ಮರುವರ್ಷ ಎಣ್ಣೆಯ ಬೆಲೆ ಏರಿತು, ಇಪ್ಪತ್ತಾರೂ ಹೆಚ್ಚಾಯಿತು, ಇಪ್ಪತ್ತು, ಹದಿನೆಂಟು, ಆಮೇಲೆ ಎರಡು ವರ್ಷ ಕಟ್ಟಿಹಾಕಿದ್ದರು, ಈಗ ತೈವಾನಿನ ಗುಜರಿ. ಅವಳು ನಮ್ಮ ಮುಂದೆ ಬಂದಿದ್ದಾಳೆ, ಹಾರ್ಮ್ ಟೋಪಿ ತೆಗೆದ, ಈ ಹತ್ತು ವರ್ಷದಲ್ಲಿ ಕೂದಲೆಲ್ಲ ಹೋಗಿದೆ, ಪಂಪುಮನೆಯಲ್ಲಿ ನನ್ನನ್ನ ಆಮೆ ಅಂತಾರೆ ಸಾರ್, ಪ್ರತಿ ಕವಾಟಕ್ಕೂ ಗಡಿಯಾರ ನೋಡ್ತೀನಿ, ಅವತ್ತು ಇನ್ನೊಂದು ಹತ್ತು ನಿಮಿಷ ಕಾದಿದ್ರೆ ಅವಳು ಓಡ್ತಿದ್ಲು ಅಲ್ವಾ, ಅವಳ ಬೆನ್ನು ನಾನೇ ಮುರಿದೆ — ಈಗ, ಈಗಲೇ, ಇದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ, ಹಾರ್ಮ್, ಕೇಳು ಅಂದೆ, ಅವನು ತಿರುಗಿದ, ಆ ಕಣ್ಣಲ್ಲಿ ಇನ್ನೂ ಎಂಟು ಗಂಟೆ, ಇನ್ನೂ ಒದ್ದೆ ತಲೆ, ಎಲ್ಲಾ ಸರಿ ಇದೆಯಾ, ಎಣ್ಣೆ ಬೆಲೆ ಏರಿದ ಮೇಲೆ ಎಲ್ಲಾ ಹಡಗೂ ನಿಧಾನ ಆದ್ವು ಕಣೋ ಅಂದೆ, ಅದು ನಿಜ, ನಿಜವಾದದ್ದರಿಂದಲೇ ಹೇಳಲು ಸುಲಭ, ಅವನು ನಕ್ಕ, ನೀವು ಒಳ್ಳೇವ್ರು ಸೆಕೆಂಡ್ ಸಾರ್, ಮುಚ್ಚಳ ಇಸಿದುಕೊಂಡು ಕೆಳಗಿನ ಕಾಫಿಚರಟ ಹುಲ್ಲಿಗೆ ಚೆಲ್ಲಿದ, ಹಿಂದಿನ ಟಗ್ಗೂ ದಾಟಿತು, ನೀರು ಮುಚ್ಚಿಕೊಂಡಿತು, ಮನೆಗೆ ಹೋದರೆ ಹಸಿರು ಬಚ್ಚಲು, ಮತ್ತೆ ಆ ರೋಟರಿನ ಪಕ್ಕ ಮೊಣಕಾಲೂರಿ ಕೂತಿದ್ದೇನೆ, ಹಾರ್ಮ್ ತಿರುಗಿಸುತ್ತಿದ್ದಾನೆ, ಎಷ್ಟಿದೆ ಸೆಕೆಂಡ್ ಸಾರ್, ಮುಳ್ಳು ಸೊನ್ನೆ ಬಿಟ್ಟು ಹೊರಡುತ್ತದೆ, ಎರಡು ಕೂದಲಿನಷ್ಟು ದೂರ, ನಿಲ್ಲುತ್ತದೆ, ಎಷ್ಟಿದೆ, ಸೊನ್ನೆ ದಶಾಂಶ ಒಂದು ನಾಲ್ಕು ಮಿಲಿಮೀಟರ್.