ತಂಗಿಯ ಮಾತ್ರೆ ನಿಲ್ಲಿಸಿದವನು ನಾನೇ

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಾನು ಟೈಲರು. ಅಂಗಡಿಯಲ್ಲಿ ಗುಂಡಿ, ಕಾಜಾ ಕೆಲಸವೆಲ್ಲ ನನ್ನ ತಂಗಿಯದು. ವರ್ಷದ ಹಿಂದೆ ಅವಳ ಮೈ ಕಪ್ಪಾಗತೊಡಗಿತು, ಎದ್ದು ನಿಂತರೆ ತಲೆಸುತ್ತು. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ರೋಗಗಳ ವಿರುದ್ಧ ಹೋರಾಡಬೇಕಾದ ಅವಳ ದೇಹದ ಕಾವಲು ಪಡೆಯೇ ಹಾಳು ಮಾಡುತ್ತಿದೆ, ಇನ್ನು ದಿನಾ ಹಾರ್ಮೋನು ಮಾತ್ರೆ ತಪ್ಪಿಸುವಂತಿಲ್ಲ ಎಂದರು ಡಾಕ್ಟರು.

ಹೋದ ತಿಂಗಳ ರಕ್ತ ಪರೀಕ್ಷೆಯಲ್ಲಿ, ಆ ಗ್ರಂಥಿ ಇನ್ನೂ ಚೂರುಪಾರು ಹಾರ್ಮೋನು ತಯಾರಿಸುತ್ತಿದೆ ಎಂದು ಗೊತ್ತಾಯಿತು. ತಗೋ, ನನ್ನ ಬುದ್ಧಿ ಓಡಿತು!

"ಕೆಲಸ ಕಲಿಯೋರ ಕೈಯಿಂದ ಬಟ್ಟೆ ಕಿತ್ಕೊಂಡು ನಾನೇ ಹೊಲಿದ್ರೆ ಅವರು ಯಾವತ್ತಾದ್ರೂ ಕಲೀತಾರಾ? ನಿನ್ನ ಗ್ರಂಥಿನೂ ಅಷ್ಟೇ. ಮಾತ್ರೆ ಬಿಡು, ತಾನಾಗೇ ಚುರುಕಾಗುತ್ತೆ."

"ಅಣ್ಣಾ, ಬಿಡಲೇಬಾರದು ಅಂದಿದಾರೆ ಡಾಕ್ಟ್ರು."

"ಮಾತ್ರೆ ಬರೆಯೋರು ಬಿಡು ಅಂತಾರೇನೆ, ಮಾತ್ರೆ ಮಹಾರಾಣಿ?"

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಅವಳು ತಲೆ ತಗ್ಗಿಸಿದಳು. ಮಾತ್ರೆ ಡಬ್ಬಿಯನ್ನು ನಾನೇ ತೆಗೆದು ಬೀಗ ಹಾಕಿಟ್ಟೆ.

ಮೂರನೇ ದಿನ ಅವಳಿಗೆ ಜ್ವರ, ವಾಂತಿ. "ನಾಟಕ ಸಾಕು, ಇನ್ನೂ ಹತ್ತು ಶರ್ಟಿದೆ," ಎಂದೆ. ಬಾಯಿ ಮುಚ್ಚುವಷ್ಟರಲ್ಲಿ ಅವಳು ಮಷೀನಿನ ಪಕ್ಕ ಕುಸಿದುಬಿದ್ದಳು. ಎಷ್ಟು ಕರೆದರೂ ಓಗೊಡಲಿಲ್ಲ.

ಆಸ್ಪತ್ರೆಯಲ್ಲಿ ತಕ್ಷಣ ಅದೇ ಹಾರ್ಮೋನಿನ ಚುಚ್ಚುಮದ್ದು ಕೊಟ್ಟು ಸಲೈನು ಹಾಕಿದರು. ಸಂಜೆ ಅವಳು ಕಣ್ಣು ಬಿಟ್ಟಾಗ ನರ್ಸಕ್ಕ ಕೇಳಿದರು, "ಮಾತ್ರೆ ಯಾಕಮ್ಮಾ ನಿಲ್ಲಿಸಿದೆ?"

"ಮರೆತುಬಿಟ್ಟೆ ಅಕ್ಕಾ," ಎಂದಳು ತಂಗಿ.

ಅಯ್ಯೋ, ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಸಾವಿನ ದವಡೆಯಿಂದ ಪಾರಾಗಿ ಬಂದವಳು ನನ್ನ ಮಾನ ಕಾಯುತ್ತಿದ್ದಾಳೆ!

"ಅವಳಲ್ಲ ನರ್ಸಕ್ಕಾ, ನಿಲ್ಲಿಸಿದ್ದು ನಾನು. ನಾನು ಟೈಲರು, ಗ್ರಂಥಿ ಇನ್ನೂ ಕೆಲಸ ಮಾಡ್ತಿದೆಯಲ್ಲಾ, ಕೆಲಸ ಕಲಿಯೋರ ಹಾಗೆ ತಾನಾಗೇ ಚುರುಕಾಗುತ್ತೆ ಅಂತ..."

"ಮಾಡ್ತಿರಬಹುದು. ಈ ಕಾಯಿಲೆ ಇರೋ ಕೆಲವರಲ್ಲಿ ಒಂದಿಷ್ಟು ಹಾರ್ಮೋನು ಉಳಿದಿರುತ್ತೆ. ಆದ್ರೆ ಅದನ್ನ ನಂಬಿ ಕೂರೋ ಹಾಗಿಲ್ಲ. ಜ್ವರ, ಪೆಟ್ಟು, ಆಪರೇಷನ್ ಅಂದ್ರೆ ಮೈಗೆ ಇನ್ನೂ ಜಾಸ್ತಿ ಬೇಕು, ಆ ಚೂರು ಯಾವ ಮೂಲೆಗೆ ಸಾಲುತ್ತೆ? ಗ್ರಂಥಿ ಸೋಮಾರಿಯಾಗಿಲ್ಲ ಟೈಲರಣ್ಣಾ, ಅದಕ್ಕೆ ಗಾಯ ಆಗಿದೆ. ಕೈ ಮುರಿದೋರ್ಗೆ ಸೂಜಿ ಕೊಟ್ಟು ಹೊಲಿ ಅಂತೀರಾ?"

ತಂಗಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಓದುವವರೇ, ನಿಮ್ಮ ಮನೆಯಲ್ಲೂ ಇಂಥ ಕಾಯಿಲೆಯವರಿರಬಹುದು. ಪರೀಕ್ಷೆಯಲ್ಲಿ ಏನೇ ಬರಲಿ, ಡಾಕ್ಟರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಿಸಬೇಡಿ. ಜ್ವರ ಬಂದರೆ ಮಾತ್ರೆ ಎಷ್ಟು ಹೆಚ್ಚಿಸಬೇಕೆಂದು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಕಾಯಿಲೆಯ ಹೆಸರಿರುವ ಚೀಟಿ ಸದಾ ಅವರ ಜೊತೆಗಿರಲಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಪ್ರಜ್ಞೆ ಮಂಕಾದರೆ, ನೋಡೋಣ ಎಂದು ಕಾಯಬೇಡಿ. ಚುಚ್ಚುಮದ್ದಿಗಾಗಿ ಆಸ್ಪತ್ರೆಗೆ ಓಡಿ.

ತಂಗಿ ನನ್ನನ್ನು ಕ್ಷಮಿಸಿದ್ದಾಳೆ. ನನಗೇ ನನ್ನನ್ನು ಕ್ಷಮಿಸಿಕೊಳ್ಳಲು ಆಗುತ್ತಿಲ್ಲ. ನೀವು ನನ್ನಂಥ ಅಣ್ಣ ಆಗಬೇಡಿ.